ಪಿಗ್ಮಿ ಕಟ್ಟುವವರಿಗೆ ಗೊತ್ತಿರುವ ಲೆಕ್ಕ

ಅಮ್ಮ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದರು. ಸಂಜೆ ಐದರ ಹೊತ್ತಿಗೆ, ಬ್ಯಾಂಕಿನ ಪರವಾಗಿ ದಿನಾ ಮನೆಗೆ ಬಂದು ಉಳಿತಾಯದ ದುಡ್ಡು ತಗೊಳ್ಳುವ ಪಿಗ್ಮಿಯವರ ಸೈಕಲ್ ಬೆಲ್ ಕೇಳಿಸುತ್ತಿತ್ತು. ಹೊಲಿಗೆ ಮಷಿನ್ನಿನ ಡ್ರಾಯರ್‌ನಲ್ಲಿ, ಬಾಬಿನ್‌ಗಳ ಪಕ್ಕ, ನಾಲ್ಕಾಗಿ ಮಡಚಿದ ಹತ್ತು ರೂಪಾಯಿ ನೋಟು ಕಾಯುತ್ತಿರುತ್ತಿತ್ತು. ಅವರು ಚಿಕ್ಕ ಪುಸ್ತಕದಲ್ಲಿ ತಾರೀಖು ಹಾಕಿ, ಮೊತ್ತ ಬರೆದು, ಸಹಿ ಮಾಡಿ, ನೀರು ಕುಡಿದು ಹೊರಡುತ್ತಿದ್ದರು. ಜೂನ್ ತಿಂಗಳಲ್ಲಿ ನಮ್ಮ ಸ್ಕೂಲ್ ಫೀಸು ಬರುತ್ತಿದ್ದದ್ದು ಆ ಪುಸ್ತಕದಿಂದ.

ಕಾಲೇಜಿನಲ್ಲಿ ಕಾಮರ್ಸ್ ಓದುವಾಗ ನಾನೊಮ್ಮೆ ಅಮ್ಮನಿಗೆ ಲೆಕ್ಕ ಹಾಕಿ ತೋರಿಸಿದೆ. ಪಿಗ್ಮಿಗೆ ಬಡ್ಡಿ ಕಡಿಮೆ. ಮಧ್ಯದಲ್ಲಿ ತೆಗೆದರೆ ಅದೂ ಕೈತಪ್ಪುತ್ತದೆ. ಅದರ ಬದಲು ದಿನಾ ಹತ್ತು ರೂಪಾಯಿ ಡಬ್ಬಿಗೆ ಹಾಕಿ, ತಿಂಗಳಿಗೊಮ್ಮೆ ಬ್ಯಾಂಕಿಗೆ ಹೋಗಿ ಆರ್‌ಡಿ ಕಟ್ಟಿದರೆ ಜಾಸ್ತಿ ಸಿಗುತ್ತದೆ. ಅಮ್ಮ ಸೂಜಿಗೆ ದಾರ ಪೋಣಿಸುತ್ತಲೇ ಕೇಳಿದರು: "ಡಬ್ಬಿಯಲ್ಲಿ ಹಾಕಿದ್ದು ತಿಂಗಳ ಕೊನೆವರೆಗೂ ಇರುತ್ತೇನೋ?"

ನನ್ನ ಲೆಕ್ಕದಲ್ಲಿ ತಪ್ಪಿರಲಿಲ್ಲ. ಆದರೆ ಅಮ್ಮ ಹೇಳಿದ ಒಂದು ಸಂಗತಿ ಅದರಲ್ಲಿ ಇರಲೇ ಇಲ್ಲ. ಅದೇ ಸಂಗತಿಗೆ ಅರ್ಥಶಾಸ್ತ್ರದಲ್ಲಿ ಟೈಮ್ ಇನ್‌ಕನ್ಸಿಸ್ಟೆನ್ಸಿ ಎನ್ನುತ್ತಾರೆ. ಇವತ್ತು ಕೂತು ಮಾಡಿದ ತೀರ್ಮಾನವನ್ನು, ಆ ದಿನ ಬಂದಾಗ ನಾವೇ ಮುರಿಯುವುದು. ಹೊಸ ವಿಷಯ ಏನೂ ಗೊತ್ತಾಗಿರುವುದಿಲ್ಲ. ಸಂದರ್ಭ ಬದಲಾಗಿರುವುದಿಲ್ಲ. ದೂರ ಇದ್ದ ದಿನ ಹತ್ತಿರ ಬಂದಿರುತ್ತದೆ, ಅಷ್ಟೇ.

ಒಂದು ಪ್ರಶ್ನೆ ಕೇಳುತ್ತೇನೆ. ಇವತ್ತು ಸಾವಿರ ರೂಪಾಯಿ ಬೇಕಾ, ಇಲ್ಲ ಒಂದು ವಾರ ಬಿಟ್ಟು ಸಾವಿರದ ನೂರು ಬೇಕಾ? ಬಹಳ ಜನ ಇವತ್ತೇ ಕೊಡಿ ಅನ್ನುತ್ತಾರೆ. ಈಗ ಇನ್ನೊಂದು. ಮುಂದಿನ ವರ್ಷ ಇದೇ ದಿನ ಸಾವಿರ ಬೇಕಾ, ಅದಾಗಿ ಒಂದು ವಾರಕ್ಕೆ ಸಾವಿರದ ನೂರು ಬೇಕಾ? ಈಗ ಅದೇ ಜನ, "ವರ್ಷವೇ ಕಾದಿದ್ದೀನಿ, ಇನ್ನೊಂದು ವಾರ ಏನು ಮಹಾ?" ಅನ್ನುತ್ತಾರೆ. ಎರಡು ಕಡೆಯೂ ಕಾಯಬೇಕಾದ್ದು ಏಳೇ ದಿನ. ಎರಡು ಕಡೆಯೂ ಸಿಗುವ ಲಾಭ ನೂರೇ ರೂಪಾಯಿ. ಆದರೂ ಉತ್ತರ ತಿರುಗಿಬಿಟ್ಟಿತು. ಆ ವರ್ಷ ಕಳೆದು, ಆ ದಿನವೇ ಬಂದು, ಸಾವಿರ ರೂಪಾಯಿ ಕಣ್ಣೆದುರು ಬಂದರೆ ಉತ್ತರ ಮತ್ತೆ ತಿರುಗುತ್ತದೆ.

ಇಲ್ಲಿ ಒಂದು ಗೊಂದಲ ಬಗೆಹರಿಸಿಕೊಳ್ಳಬೇಕು. ಆತುರ ಬೇರೆ, ಇದು ಬೇರೆ. ಎರಡು ಪ್ರಶ್ನೆಗೂ "ಮೊದಲಿನ ಸಾವಿರವೇ ಸಾಕು" ಅನ್ನುವವನು ಆತುರಗಾರ, ನಿಜ. ಆದರೆ ಅವನು ತನ್ನ ಮಾತಿಗೆ ತಾನು ಬದ್ಧನಾಗಿದ್ದಾನೆ. ಎರಡಕ್ಕೂ ಕಾಯುತ್ತೇನೆ ಅನ್ನುವವನೂ ಹಾಗೇ. ತೊಂದರೆ ಇರುವುದು ಮೂರನೆಯವನಿಗೆ. ಅವನು ದೂರದಲ್ಲಿ ತಾಳ್ಮೆಯವನು, ಹತ್ತಿರದಲ್ಲಿ ಆತುರದವನು. ಅವನೊಳಗೆ ಇಬ್ಬರಿದ್ದಾರೆ. ಒಬ್ಬ ಪ್ಲಾನ್ ಮಾಡುತ್ತಾನೆ, ಇನ್ನೊಬ್ಬ ಅದನ್ನು ಮುರಿಯುತ್ತಾನೆ.

ಅರ್ಥಶಾಸ್ತ್ರ ಬಹಳ ಕಾಲ ಮೊದಲ ಇಬ್ಬರ ಬಗ್ಗೆ ಮಾತ್ರ ಲೆಕ್ಕ ಹಾಕಿತು. 1937ರಲ್ಲಿ ಪಾಲ್ ಸ್ಯಾಮುಯೆಲ್ಸನ್ ಕೊಟ್ಟ ಮಾದರಿ ಬಹಳ ಸರಳ. ಮುಂದೆ ಸಿಗುವ ನೂರು ರೂಪಾಯಿಯ ಸುಖಕ್ಕೆ ಇವತ್ತು ಕೊಡುವ ಬೆಲೆ ಪ್ರತಿ ವರ್ಷಕ್ಕೂ ಒಂದೇ ಪ್ರಮಾಣದಲ್ಲಿ ಇಳಿಯುತ್ತದೆ. ಒಂದು ವರ್ಷ ದೂರ ಇದ್ದರೆ 90, ಎರಡು ವರ್ಷ ದೂರ ಇದ್ದರೆ 81, ಹೀಗೆ. ಪ್ರಮಾಣ ಒಂದೇ ಇರುವುದರಿಂದ ದಿನ ಹತ್ತಿರ ಬಂದರೂ ತೀರ್ಮಾನ ಮಗುಚುವುದಿಲ್ಲ. ಮನುಷ್ಯರು ನಿಜವಾಗಿ ಹೀಗೇ ನಡೆಯುತ್ತಾರೆ ಎಂದು ಸ್ಯಾಮುಯೆಲ್ಸನ್ ಹೇಳಲಿಲ್ಲ. ಇದೊಂದು ಅನುಕೂಲದ ಊಹೆ ಎಂದು ಅವರೇ ಎಚ್ಚರಿಸಿದ್ದರು. ಆದರೆ ಸೂತ್ರ ಎಷ್ಟು ಸಲೀಸಾಗಿತ್ತು ಅಂದರೆ, ಎಚ್ಚರಿಕೆ ಹಿಂದೆ ಉಳಿದು ಸೂತ್ರ ಮುಂದೆ ಹೋಯಿತು. 1950ರ ದಶಕದ ಮಧ್ಯದಲ್ಲಿ ರಾಬರ್ಟ್ ಸ್ಟ್ರಾಟ್ಜ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞ ಮೂರನೆಯವನ ಬಗ್ಗೆ ಬರೆದರು. ತನ್ನ ಪ್ಲಾನನ್ನು ತಾನೇ ಮುರಿಯುತ್ತೇನೆ ಎಂದು ಗೊತ್ತಿರುವವನು ಏನು ಮಾಡಬಹುದು ಎಂದೂ ಕೇಳಿದರು. ಆ ಪ್ರಶ್ನೆಗೆ ಮುಂದೆ ಬರುತ್ತೇನೆ.

ಮೊದಲು ಸಾಕ್ಷಿ ನೋಡೋಣ. 1981ರಲ್ಲಿ ರಿಚರ್ಡ್ ಥೇಲರ್ ಜನರಿಗೆ ಹೀಗೆ ಕೇಳಿದರು: ನಿಮಗೆ ಲಾಟರಿಯಲ್ಲಿ 15 ಡಾಲರ್ ಬಂದಿದೆ. ಈಗಲೇ ತಗೊಳ್ಳಬಹುದು, ಇಲ್ಲ ಕಾಯಬಹುದು. ಕಾಯುವುದಾದರೆ ಎಷ್ಟು ಕೊಟ್ಟರೆ ಸರಿಹೋಗುತ್ತದೆ? ನಡುವಿನ ಉತ್ತರ ಹೀಗಿತ್ತು. ಒಂದು ತಿಂಗಳು ಕಾಯಲು 20 ಡಾಲರ್. ಒಂದು ವರ್ಷಕ್ಕೆ 50. ಹತ್ತು ವರ್ಷಕ್ಕೆ 100. ಇದನ್ನು ವಾರ್ಷಿಕ ಬಡ್ಡಿಯಾಗಿ ನೋಡಿದರೆ ತಿಂಗಳ ಕಾಯುವಿಕೆಗೆ 345 ಪರ್ಸೆಂಟ್, ವರ್ಷದ್ದಕ್ಕೆ 120, ಹತ್ತು ವರ್ಷದ್ದಕ್ಕೆ ಬರೀ 19. ಹತ್ತಿರದ ಕಾಯುವಿಕೆ ಅಷ್ಟು ದುಬಾರಿ, ದೂರದ್ದು ಅಷ್ಟು ಅಗ್ಗ. ಒಂದೇ ಪ್ರಮಾಣ ಎಂಬ ಮಾತು ಇಲ್ಲಿ ನಿಲ್ಲುವುದೇ ಇಲ್ಲ.

ಇದಕ್ಕೂ ಮೊದಲೇ ಮನಶ್ಶಾಸ್ತ್ರಜ್ಞರು ಪಾರಿವಾಳಗಳಲ್ಲಿ ಇದೇ ಗುಣ ಕಂಡಿದ್ದರು. 1974ರಲ್ಲಿ ಜಾರ್ಜ್ ಏನ್ಸ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಪಾರಿವಾಳ ಬಣ್ಣದ ಗುಂಡಿ ಕುಕ್ಕಿದರೆ ಕೂಡಲೇ ಸ್ವಲ್ಪ ಕಾಳು. ಕುಕ್ಕದೆ ಮೂರು ಸೆಕೆಂಡ್ ಕಾದರೆ ಜಾಸ್ತಿ ಕಾಳು. ಅವು ಕುಕ್ಕಿಯೇ ಕುಕ್ಕುತ್ತಿದ್ದವು. ಆದರೆ ಅದಕ್ಕೂ ಕೆಲವು ಸೆಕೆಂಡ್ ಮೊದಲೇ ಇನ್ನೊಂದು ಗುಂಡಿ ಇಟ್ಟರು. ಅದನ್ನು ಒತ್ತಿದರೆ ಆಸೆ ಹುಟ್ಟಿಸುವ ಗುಂಡಿ ಬರುವುದೇ ಇಲ್ಲ. ಎಲ್ಲವೂ ಅಲ್ಲ, ಕೆಲವು ಪಾರಿವಾಳಗಳು ಅದನ್ನು ಒತ್ತಲು ಕಲಿತವು. ಹಕ್ಕಿಗೂ ತನ್ನನ್ನು ತಾನೇ ತಡೆಯುವ ದಾರಿ ಸಿಕ್ಕಿತು ಎಂದು ಓದಿದಾಗ ನನಗೆ ಕಣ್ಣೆದುರು ಬಂದದ್ದು ಅಮ್ಮನ ಡ್ರಾಯರ್.

ಈಗ ಇದರ ಒಳಗುಟ್ಟು. 1997ರಲ್ಲಿ ಡೇವಿಡ್ ಲೈಬ್ಸನ್ ಜನಪ್ರಿಯಗೊಳಿಸಿದ ಮಾದರಿಯೊಂದಿದೆ. ಅದರ ಬೀಜ 1968ರಲ್ಲೇ ಫೆಲ್ಪ್ಸ್ ಮತ್ತು ಪೊಲಾಕ್ ಬರೆದ ಲೇಖನದಲ್ಲಿತ್ತು. ಸೂತ್ರ ಬಿಡಿ, ವಿಚಾರ ಇಷ್ಟೇ: "ಈಗ" ಎಂಬ ಒಂದಕ್ಕೆ ಪೂರ್ತಿ ಬೆಲೆ. "ಈಗ ಅಲ್ಲ" ಎಂಬ ಎಲ್ಲಕ್ಕೂ ಒಂದೇ ಏಟಿಗೆ ಕಡಿತ. ಆ ಕಡಿತ ಅರ್ಧ ಎಂದಿಟ್ಟುಕೊಳ್ಳಿ.

ಹಲ್ಲು ನೋಯುತ್ತಿದೆ. ಡಾಕ್ಟರ ಹತ್ತಿರ ಹೋಗಬೇಕು. ಹೋದರೆ ಆಗುವ ಕಷ್ಟ 30. ಆಮೇಲೆ ಸಿಗುವ ಆರಾಮ 50. ನೇರ ಲೆಕ್ಕದಲ್ಲಿ ಹೋಗುವುದೇ ಸರಿ, 20 ಲಾಭ. ಆದರೆ ಇವತ್ತೇ ಹೋಗುವುದಾದರೆ ಕಷ್ಟ "ಈಗ" ಇದೆ, ಪೂರ್ತಿ 30. ಆರಾಮ ಮುಂದಿದೆ, ಅದರ ಅರ್ಧ 25. ಐದು ನಷ್ಟ. ಇವತ್ತು ಬೇಡ. ನಾಳೆ ಹೋದರೆ? ಕಷ್ಟವೂ ಮುಂದಿದೆ, 15. ಆರಾಮವೂ ಮುಂದಿದೆ, 25. ಹತ್ತು ಲಾಭ. ಸರಿ, ನಾಳೆ ಖಂಡಿತ ಹೋಗೋಣ. ಮನಸ್ಸಿಟ್ಟೇ ಹೇಳಿದ ಮಾತು ಅದು, ಸುಳ್ಳಲ್ಲ. ಆದರೆ ನಾಳೆ ಬೆಳಗಾದರೆ ನಾಳೆಯೇ "ಈಗ" ಆಗಿಬಿಡುತ್ತದೆ. ಮತ್ತೆ ಐದು ನಷ್ಟ. ಮತ್ತೆ ನಾಡಿದ್ದು.

ಇದಕ್ಕೆ ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಚಿತ್ರ ಒಂದಿದೆ. ಬೆಂಗಳೂರಿನ ಬಡಾವಣೆಗಳಲ್ಲಿ, ಎಷ್ಟೋ ಊರುಗಳಲ್ಲಿ ಮನೆ ಬಾಗಿಲ ಮೇಲೆ "ನಾಳೆ ಬಾ" ಎಂದು ಬರೆದಿರುತ್ತಿದ್ದರು. ರಾತ್ರಿ ಬರುವ ದೆವ್ವ ಅದನ್ನು ಓದಿ ಹಿಂದಿರುಗುತ್ತದೆ, ಮರುದಿನ ಬಂದು ಮತ್ತೆ ಅದನ್ನೇ ಓದುತ್ತದೆ ಎಂಬ ನಂಬಿಕೆ. ಬಾಗಿಲ ಮೇಲಿನ ಅಕ್ಷರ ಬದಲಾಗುವುದಿಲ್ಲ, ಅದರ ಅರ್ಥ ಮಾತ್ರ ದಿನಾ ಒಂದು ದಿನ ಮುಂದೆ ಹೋಗುತ್ತದೆ. ಹಲ್ಲು ನೋವಿನವನ ಒಳಗೂ ಇದೇ ಬರಹ ಇದೆ.

ಆದರೆ ಎಲ್ಲರೂ ಒಂದೇ ಥರ ಸಿಕ್ಕಿಹಾಕಿಕೊಳ್ಳುವುದಿಲ್ಲ. ಟೆಡ್ ಓಡೊನಹ್ಯೂ ಮತ್ತು ಮ್ಯಾಥ್ಯೂ ರೇಬಿನ್ 1999ರಲ್ಲಿ ಇಲ್ಲಿ ಒಂದು ಗೆರೆ ಎಳೆದರು. ಕೆಲವರಿಗೆ ತಮ್ಮ ಈ ಗುಣ ಗೊತ್ತಿಲ್ಲ. ನಾಳೆ ಹೋಗೇ ಹೋಗುತ್ತೇನೆ ಎಂದು ಪೂರ್ತಿ ನಂಬುತ್ತಾರೆ. ಇವರು ಮುಗ್ಧರು. ಇನ್ನು ಕೆಲವರಿಗೆ ಗೊತ್ತು. ನಾಳೆಯ ನಾನು ಕೈಕೊಡುತ್ತೇನೆ ಎಂದು ಇವತ್ತೇ ತಿಳಿದಿರುತ್ತದೆ. ಇವರು ಬಲ್ಲವರು. ಇಬ್ಬರ ದೌರ್ಬಲ್ಯವೂ ಒಂದೇ, ಅರಿವು ಮಾತ್ರ ಬೇರೆ. ಅರಿವಿದ್ದರೆ ಯಾವಾಗಲೂ ಒಳ್ಳೆಯದೇ ಆಗುತ್ತದೆ ಅಂತಲೂ ಅಲ್ಲ. "ಹೇಗೂ ನಾಳೆ ಈ ಸ್ವೀಟ್ ತಿಂದೇ ತಿಂತೀನಿ, ಇವತ್ತೇ ತಿಂದುಬಿಡೋಣ" ಎನ್ನುವವನಿಗೆ ತನ್ನ ಬಗ್ಗೆ ಚೆನ್ನಾಗಿ ಗೊತ್ತು!

ಮುಗ್ಧರು ಎಷ್ಟು ದುಡ್ಡು ಕಳೆದುಕೊಳ್ಳುತ್ತಾರೆ ಎಂಬುದಕ್ಕೆ ಒಳ್ಳೆಯ ಉದಾಹರಣೆ ಜಿಮ್. ಸ್ಟೆಫಾನೊ ಡೆಲ್ಲಾವಿನ್ಯಾ ಮತ್ತು ಉಲ್ರಿಕ್ ಮಾಲ್ಮೆಂಡಿಯರ್ ಅಮೆರಿಕದ ಮೂರು ಜಿಮ್‌ಗಳ ಹಾಜರಾತಿ ನೋಡಿ 2006ರಲ್ಲಿ ಬರೆದರು. ತಿಂಗಳಿಗೆ 70 ಡಾಲರ್‌ಗೂ ಜಾಸ್ತಿ ಕೊಟ್ಟು ಸೇರಿದವರು ತಿಂಗಳಿಗೆ ಬರುತ್ತಿದ್ದದ್ದು ಸರಾಸರಿ 4.3 ಸಲ. ಅಂದರೆ ಒಂದು ಸಲಕ್ಕೆ 17 ಡಾಲರ್ ಬಿತ್ತು. ಹತ್ತು ಸಲದ ಪಾಸ್ ತಗೊಂಡಿದ್ದರೆ ಸಲಕ್ಕೆ 10 ಡಾಲರ್ ಸಾಕಿತ್ತು. ಅವರು ದುಡ್ಡು ಕಟ್ಟಿದ್ದು ತಾವು ಆಗುತ್ತೇವೆ ಎಂದುಕೊಂಡ ಮನುಷ್ಯನಿಗಾಗಿ.

ಬಲ್ಲವರು ಮಾಡುವುದು ಬೇರೆ. ಸ್ಟ್ರಾಟ್ಜ್ ಕೇಳಿದ ಪ್ರಶ್ನೆಗೆ ಉತ್ತರ ಇವರಲ್ಲಿದೆ. ನಾಳೆಯ ತನ್ನ ಕೈಯನ್ನು ಇವತ್ತೇ ಕಟ್ಟಿಬಿಡುವುದು. ಕನ್ನಡದಲ್ಲಿ ಈ ಮಾತು ಎಷ್ಟು ಚೆನ್ನಾಗಿ ಕೂತಿದೆ ನೋಡಿ. ನಾವು ಪಿಗ್ಮಿ "ಹಾಕುವುದಿಲ್ಲ", ಪಿಗ್ಮಿ "ಕಟ್ಟುತ್ತೇವೆ". ಚೀಟಿಯನ್ನೂ ಕಟ್ಟುತ್ತೇವೆ. ದುಡ್ಡು ಕೊಡುವುದಕ್ಕೂ ಹಗ್ಗ ಬಿಗಿಯುವುದಕ್ಕೂ ಒಂದೇ ಕ್ರಿಯಾಪದ.

ಪಿಗ್ಮಿ ಹುಟ್ಟಿದ್ದೇ ನಮ್ಮ ಕರಾವಳಿಯಲ್ಲಿ. 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ ಮತ್ತು ಡಾಕ್ಟರ್ ಟಿ.ಎಂ.ಎ. ಪೈ ಸೇರಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಕಟ್ಟಿದರು. ಮುಂದೆ ಅದೇ ಸಿಂಡಿಕೇಟ್ ಬ್ಯಾಂಕ್ ಆಯಿತು, 2020ರಲ್ಲಿ ಕೆನರಾ ಬ್ಯಾಂಕಿನೊಳಗೆ ಸೇರಿತು. ಕಷ್ಟದಲ್ಲಿದ್ದ ಕೈಮಗ್ಗದ ನೇಕಾರರಿಗೆ ನೆರವಾಗಬೇಕು ಎಂಬುದು ಅದರ ಹಿಂದಿನ ಉದ್ದೇಶ. 1928ರಲ್ಲಿ ಅವರು ಪಿಗ್ಮಿ ಶುರು ಮಾಡಿದರು. ಏಜೆಂಟ್ ದಿನಾ ಮನೆ ಬಾಗಿಲಿಗೆ ಬರುತ್ತಾನೆ, ಎರಡಾಣೆ ಇದ್ದರೂ ತಗೊಳ್ಳುತ್ತಾನೆ. ಎರಡಾಣೆ ಎಂದರೆ ರೂಪಾಯಿಯ ಎಂಟನೇ ಒಂದು ಭಾಗ.

ಇದನ್ನು ಬರೀ "ಬ್ಯಾಂಕ್ ದೂರ ಇತ್ತು, ಅದಕ್ಕೆ ಮನೆಗೆ ಬಂದರು" ಎಂದು ನೋಡಿದರೆ ಅರ್ಧ ಮಾತ್ರ ಕಂಡಂತೆ. ಏಜೆಂಟ್ ಬರುವ ಹೊತ್ತೂ ಒಂದು ಕಟ್ಟು. ದುಡಿದ ದುಡ್ಡು ಕೈಗೆ ಬಂದು ಇನ್ನೂ ಖರ್ಚಿನ ದಾರಿ ಹಿಡಿದಿರುವುದಿಲ್ಲ. ಅವರು ಬಾಗಿಲಲ್ಲಿ ನಿಂತಾಗ "ಇವತ್ತಿಲ್ಲ" ಎಂದು ಬಾಯಿಬಿಟ್ಟು ಹೇಳಬೇಕು. ಆ ಸಂಕೋಚವೂ ಒಂದು ಕಟ್ಟು. ಒಂದು ಸಲ ಕೊಟ್ಟಮೇಲೆ ಅವಧಿ ಮುಗಿಯದೆ ತೆಗೆದರೆ ನಷ್ಟ. ಅದು ಮೂರನೇ ಕಟ್ಟು. ನಾನು ಕಾಲೇಜಿನಲ್ಲಿ ಯಾವುದನ್ನು ಪಿಗ್ಮಿಯ ದೋಷ ಎಂದು ಎಣಿಸಿದ್ದೆನೋ ಅಮ್ಮ ಅದಕ್ಕೇ ಬಡ್ಡಿ ಬಿಟ್ಟುಕೊಡುತ್ತಿದ್ದರು.

ಉಳಿಸುವುದಕ್ಕೆ ಎದುರು ದುಡ್ಡು ಕೊಡುವವರೂ ಇದ್ದಾರೆ. ವಿಜಯವಾಡದ ಕೊಳೆಗೇರಿಯೊಂದರಲ್ಲಿ ಮನೆ ಮನೆ ಸುತ್ತಿ ದುಡ್ಡು ಸಂಗ್ರಹಿಸುವ ಹೆಂಗಸೊಬ್ಬರ ಬಗ್ಗೆ ಸ್ಟುವರ್ಟ್ ರದರ್‌ಫೋರ್ಡ್ ಬರೆದಿದ್ದಾರೆ. ಅವರು ಕೊಡುವ ಕಾರ್ಡಿನಲ್ಲಿ 220 ಚೌಕಗಳು. ಒಂದೊಂದಕ್ಕೂ 5 ರೂಪಾಯಿ ಕಟ್ಟಿ ತುಂಬಿಸಿದರೆ 1,100 ಆಗುತ್ತದೆ. ಅವರು ಹಿಂದೆ ಕೊಡುವುದು 1,000. ನೂರು ರೂಪಾಯಿ ಅವರ ಕೂಲಿ. ಗಿರಾಕಿಗಳು ಇದನ್ನು ಮೋಸ ಅನ್ನುವುದಿಲ್ಲ. ಆ ಹೆಂಗಸು ಬಾರದಿದ್ದರೆ ಸಾವಿರವೂ ಕೂಡುತ್ತಿರಲಿಲ್ಲ ಎಂದು ಅವರಿಗೆ ಗೊತ್ತು.

ಇದಕ್ಕೆ ಪಕ್ಕಾ ಸಾಕ್ಷಿ ಬಂದದ್ದು ಫಿಲಿಪ್ಪೀನ್ಸ್‌ನಿಂದ. ಮಿಂಡನಾವೊ ದ್ವೀಪದ ಒಂದು ಬ್ಯಾಂಕ್ ತನ್ನ ಹಳೇ ಗ್ರಾಹಕರಿಗೆ ಹೊಸ ಖಾತೆ ತೋರಿಸಿತು. ನೀವೇ ಗೊತ್ತುಮಾಡಿದ ತಾರೀಖೋ ಮೊತ್ತವೋ ಬರುವವರೆಗೂ ದುಡ್ಡು ತೆಗೆಯುವ ಹಾಗಿಲ್ಲ. ಬಡ್ಡಿ ಮಾಮೂಲಿ ಖಾತೆಯಷ್ಟೇ. ಲೆಕ್ಕದ ಪುಸ್ತಕದ ಪ್ರಕಾರ ಇದನ್ನು ಯಾರೂ ಕೇಳಬಾರದು. ಕೇಳಿದವರು 28 ಪರ್ಸೆಂಟ್. ಒಂದು ವರ್ಷದ ನಂತರ ನೋಡಿದರೆ, ಈ ಖಾತೆ ತೋರಿಸಿದ ಗುಂಪಿನ ಉಳಿತಾಯ ತೋರಿಸದ ಗುಂಪಿಗಿಂತ 81 ಪರ್ಸೆಂಟ್ ಪಾಯಿಂಟ್ ಜಾಸ್ತಿ ಬೆಳೆದಿತ್ತು. ನಾವ ಅಶ್ರಫ್, ಡೀನ್ ಕಾರ್ಲನ್, ವೆಸ್ಲಿ ಯಿನ್ ಇದನ್ನು 2006ರಲ್ಲಿ ಪ್ರಕಟಿಸಿದರು.

ನನಗೆ ಎಲ್ಲಕ್ಕಿಂತ ಇಷ್ಟವಾದ ಅಧ್ಯಯನ ನಡೆದದ್ದು ಮೈಸೂರಿನಲ್ಲಿ. ಸುಪ್ರೀತ್ ಕೌರ್, ಮೈಕೆಲ್ ಕ್ರೆಮರ್, ಸೆಂಧಿಲ್ ಮುಲ್ಲೈನಾಥನ್ ಮಾಡಿದ್ದು, 2015ರಲ್ಲಿ ಪ್ರಕಟವಾಯಿತು. ಡೇಟಾ ಎಂಟ್ರಿ ಮಾಡುವವರ ಜೊತೆ ವರ್ಷಕ್ಕೂ ಮೀರಿ ಕೆಲಸ. ತಪ್ಪಿಲ್ಲದೆ ಎಷ್ಟು ಟೈಪ್ ಮಾಡಿದರೆ ಅಷ್ಟು ಸಂಬಳ, ವಾರಕ್ಕೊಮ್ಮೆ ಬಟವಾಡೆ. ಯಾರಿಗೆ ಮಂಗಳವಾರ, ಯಾರಿಗೆ ಗುರುವಾರ, ಯಾರಿಗೆ ಶನಿವಾರ ಎಂಬುದನ್ನು ಲಾಟರಿ ಎತ್ತಿದ ಹಾಗೆ ಗೊತ್ತುಮಾಡಿದರು. ಬಟವಾಡೆಯ ದಿನ ಕೆಲಸ ವಾರದ ಶುರುವಿಗಿಂತ 8 ಪರ್ಸೆಂಟ್ ಜಾಸ್ತಿ ಆಗುತ್ತಿತ್ತು. ಒಂದು ಅಕ್ಷರಕ್ಕೆ ಸಿಗುವ ದುಡ್ಡು ಎಲ್ಲ ದಿನವೂ ಒಂದೇ. ಅದು ಕೈಗೆ ಬರುವ ದಿನ ಮಾತ್ರ ಹತ್ತಿರ.

ಆಮೇಲೆ ಅವರಿಗೆ ಒಂದು ವಿಚಿತ್ರ ಆಯ್ಕೆ ಕೊಟ್ಟರು. ಬೇಕಾದರೆ ನಿಮ್ಮ ದಿನದ ಗುರಿ ನೀವೇ ಬರೆಯಿರಿ. ಗುರಿ ಮುಟ್ಟಿದರೆ ಮಾಮೂಲಿ ದರ. ಮುಟ್ಟದಿದ್ದರೆ ಅರ್ಧ ದರ. ಮುಟ್ಟಿದರೆ ಬೋನಸ್ ಏನೂ ಇಲ್ಲ. ಗುರಿ ಸೊನ್ನೆ ಎಂದು ಬರೆದರೆ ಯಾವ ಅಪಾಯವೂ ಇಲ್ಲ. ಕಳೆದುಕೊಳ್ಳುವುದಷ್ಟೇ ಇರುವ ಇಂಥ ಕರಾರನ್ನು ಯಾರು ಒಪ್ಪುತ್ತಾರೆ, ಅಲ್ವಾ? ಕೇಳಿದ ಸಲಗಳಲ್ಲಿ 36 ಪರ್ಸೆಂಟ್ ಸಲ ಅವರು ಸೊನ್ನೆಗಿಂತ ಮೇಲಿನ ಗುರಿ ಬರೆದರು. ಕೆಲಸವೂ, ಗಳಿಕೆಯೂ ಹೆಚ್ಚಾಯಿತು. ಬಟವಾಡೆ ಹತ್ತಿರ ಬಂದಾಗ ಜಾಸ್ತಿ ಓಡುತ್ತಿದ್ದವರು ಯಾರೋ ಅವರೇ ಈ ಕಟ್ಟನ್ನು ಹೆಚ್ಚಾಗಿ ಕೇಳಿದ್ದರು. ಅನುಭವ ಬೆಳೆದಂತೆ ಈ ನಂಟು ಇನ್ನೂ ಬಿಗಿಯಾಯಿತು. ಅಂದರೆ ಮನುಷ್ಯ ತನ್ನನ್ನು ತಾನು ನೋಡಿ ನೋಡಿ ಕಲಿಯುತ್ತಾನೆ. ಮುಗ್ಧ ಬಲ್ಲವನಾಗುತ್ತಾನೆ.

ಹಾಗಂತ ಕಟ್ಟುಗಳೆಲ್ಲ ಒಳ್ಳೆಯವು ಎಂದು ಹೇಳಲಾರೆ. ಫಿಲಿಪ್ಪೀನ್ಸ್‌ನಲ್ಲೇ ಅನೆಟ್ ಜಾನ್ ಮಾಡಿದ ಇನ್ನೊಂದು ಅಧ್ಯಯನದಲ್ಲಿ, ಕಂತು ತಪ್ಪಿದರೆ ದಂಡ ಎಂಬ ಉಳಿತಾಯದ ಕರಾರಿಗೆ ಸೇರಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಕಂತು ತಪ್ಪಿಸಿ ದಂಡ ತೆತ್ತರು. ತಮ್ಮ ದೌರ್ಬಲ್ಯ ಗೊತ್ತಿತ್ತು, ಆದರೆ ಅದು ಎಷ್ಟು ಎಂದು ಗೊತ್ತಿರಲಿಲ್ಲ. ಸಣ್ಣ ದಂಡ ಆರಿಸಿಕೊಂಡರು, ಅದು ಹಿಡಿದು ನಿಲ್ಲಿಸಲಿಲ್ಲ. ಅರ್ಧ ತಿಳಿದವನಿಗೆ ಕಟ್ಟೂ ಹೋಗುತ್ತದೆ, ದುಡ್ಡೂ ಹೋಗುತ್ತದೆ.

ದುಡ್ಡಿನ ಪ್ರಶ್ನೆಗಳ ಬಗ್ಗೆಯೂ ಅನುಮಾನ ಇಟ್ಟುಕೊಳ್ಳಬೇಕು. ಇವತ್ತೇ ಸಾವಿರ ಕೇಳುವವನು ದುರ್ಬಲನೇ ಆಗಬೇಕಿಲ್ಲ. ವಾರ ಬಿಟ್ಟು ಕೊಡುತ್ತಾರೆ ಎಂಬ ನಂಬಿಕೆ ಇಲ್ಲದಿರಬಹುದು. ಮನೆಯಲ್ಲಿ ಇವತ್ತೇ ಅಕ್ಕಿ ತರಬೇಕಾಗಿರಬಹುದು. ಅದಕ್ಕೇ 2015ರಲ್ಲಿ ಆಗೆನ್‌ಬ್ಲಿಕ್, ನೀಡರ್ಲೆ, ಸ್ಪ್ರೆಂಗರ್ ದುಡ್ಡಿನ ಜೊತೆ ಬೇಸರದ ಕೆಲಸವನ್ನೂ ಇಟ್ಟು ನೋಡಿದರು. ಮಸುಕಾದ ಗ್ರೀಕ್ ಅಕ್ಷರ ನೋಡಿ ನಕಲು ಮಾಡುವಂಥ ಕೆಲಸ. ದುಡ್ಡಿನಲ್ಲಿ ಮಾತು ಮಗುಚಿದ್ದು ಕಡಿಮೆ. ಕೆಲಸದಲ್ಲಿ ಚೆನ್ನಾಗಿಯೇ ಮಗುಚಿತು. ದುಡ್ಡು ಒಂದು ದಾರಿ ಮಾತ್ರ, ಬೆವರು ಮತ್ತು ರುಚಿ ನೇರವಾಗಿ ಮೈಗೆ ತಟ್ಟುತ್ತವೆ. ಬಡವರು ಉಳಿಸದಿದ್ದರೆ ಅವರಿಗೆ ಶಿಸ್ತಿಲ್ಲ ಎಂದು ಈ ವಿಷಯವನ್ನು ಎಳೆದು ತರುವವರನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ. ಸಂಬಳ ಬಂದ ದಿನವೇ ಪಿಎಫ್ ಕಡಿತವಾಗುವವನಿಗೆ ಕಟ್ಟು ತಾನಾಗಿ ಬಿದ್ದಿದೆ. ದಿನಗೂಲಿಯವರು ಅದನ್ನು ದಿನಾ ತಾವೇ ಹುಡುಕಿಕೊಳ್ಳಬೇಕು.

ಸಹಾಯ ಮಾಡಬೇಕು ಎಂದರೆ ಹೊತ್ತು ನೋಡಿ ಮಾಡಬೇಕು. ಪಶ್ಚಿಮ ಕೆನ್ಯಾದ ರೈತರು ಗೊಬ್ಬರ ಹಾಕುವುದು ಲಾಭ ಎಂದು ಒಪ್ಪುತ್ತಿದ್ದರು, ಮುಂದಿನ ಸಲ ಹಾಕುತ್ತೇವೆ ಅನ್ನುತ್ತಿದ್ದರು. ಬಿತ್ತನೆ ಹೊತ್ತಿಗೆ ಕೈ ಖಾಲಿ. ಡುಫ್ಲೋ, ಕ್ರೆಮರ್, ರಾಬಿನ್ಸನ್ ಸುಗ್ಗಿ ಮುಗಿದ ಕೂಡಲೇ ರೈತರ ಹತ್ತಿರ ಹೋಗಿ, "ಈಗ ದುಡ್ಡು ಕೊಡಿ, ಗೊಬ್ಬರ ಪುಕ್ಕಟೆ ಮನೆಗೆ ತಂದು ಹಾಕುತ್ತೇವೆ" ಎಂಬ ವ್ಯವಸ್ಥೆ ಮಾಡಿಸಿದರು. ಸಣ್ಣ ರಿಯಾಯಿತಿ, ಆದರೆ ಸರಿಯಾದ ಹೊತ್ತು. ಗೊಬ್ಬರ ಕೊಳ್ಳುವವರು ಜಾಸ್ತಿಯಾದರು. ಸಂಜೆ ಐದರ ಸೈಕಲ್ ಬೆಲ್ ಕೂಡ ಇದೇ ತಾನೇ?

ಇತ್ತ ನಮ್ಮ ಫೋನ್‌ಗಳಲ್ಲಿ ಎಲ್ಲವೂ ಎದುರು ದಿಕ್ಕಿಗೆ ಹೊರಟಿದೆ. ಕೊಳ್ಳುವುದಕ್ಕೂ, ಸಾಲಕ್ಕೂ, ಕಂತಿಗೂ ಒಂದು ಒತ್ತು ಸಾಕು. "ಈಗ" ಎಂಬುದಕ್ಕೆ ಇದ್ದ ಅಡ್ಡಿಗಳನ್ನೆಲ್ಲ ತೆಗೆದಿದ್ದಾರೆ. ಅದರಿಂದ ಅನುಕೂಲ ಆಗಿದೆ, ಇಲ್ಲ ಅನ್ನುವುದಿಲ್ಲ. ಆದರೆ ಆ ಅಡ್ಡಿಗಳಲ್ಲಿ ಕೆಲವು ನಮ್ಮನ್ನು ಕಾಯುತ್ತಿದ್ದವು.

ಹೋದ ವರ್ಷ ಅಮ್ಮನ ಫೋನಿನಲ್ಲಿ ನಾನು ಒಂದು ಉಳಿತಾಯದ ಆ್ಯಪ್ ಹಾಕಿಕೊಟ್ಟೆ. ದಿನಾ ತಾನಾಗಿ ದುಡ್ಡು ಕಡಿತವಾಗುತ್ತದೆ, ಬಡ್ಡಿಯೂ ಪರವಾಗಿಲ್ಲ. ಅಮ್ಮ ಎಲ್ಲ ಕೇಳಿಸಿಕೊಂಡರು.

"ಮಧ್ಯದಲ್ಲಿ ಬೇಕು ಅಂದ್ರೆ ತೆಗೀಬಹುದಾ?"

"ಓ, ಯಾವಾಗ ಬೇಕಾದ್ರೂ. ಎರಡು ಸಲ ಒತ್ತಿದ್ರೆ ಬಂತು."

"ಹಾಗಾದ್ರೆ ಬೇಡ ಬಿಡು," ಅಂದರು. ಪಿಗ್ಮಿಯವರು ಈಗ ಸ್ಕೂಟರ್‌ನಲ್ಲಿ ಬರುತ್ತಾರೆ. ಪುಸ್ತಕದ ಬದಲು ಕೈಯಲ್ಲಿ ಚಿಕ್ಕ ಮಷಿನ್ ಇದೆ, ರಸೀದಿ ಅಲ್ಲೇ ಬರುತ್ತದೆ. ಅಮ್ಮ ಅದನ್ನು ನಾಲ್ಕಾಗಿ ಮಡಚಿ ಬಾಬಿನ್‌ಗಳ ಪಕ್ಕ ಇಡುತ್ತಾರೆ.